ಬಾಯಿ ಕಾಣದ ದನಿ

೯ ಜೂನ್ ೨೦೨೪, ರವಿವಾರ. ಬನಹಟ್ಟಿ

ಮಾತಾಡಾಕ ಮನ್ಯಾಗ ಯಾರಿಲ್ಲ, ಅದಕ ಬರ್ಯಾಕತ್ತೀನಿ. ಮಗಳು ವೈಶಾಲಿ ಸಾಲಿಗೆ ಹೋಗಾಗಿನ ವಹಿ ಒಂದು ಗ್ವಾಡಿ ಮಾಡದಾಗ ಇತ್ತು, ಹಿಂದಿನ ಹಾಳಿ ಖಾಲಿ ಅದಾವ. ಏಳನೇತ್ತಾತನಕ ಕಲತಾಂವ ನಾ, ಅಕ್ಷರ ಡೊಂಕ. ಇರ್ಲಿ, ಓದಾಂವರ ಯಾರ.

ಮನ್ಯಾಗ ಸಪ್ಪಳನ ಇಲ್ಲ. ಮೀಸಿ ಬರೂಕಿಂತ ಮೊದಲ ಪವರ್‌ಲೂಮ್ ಶೆಡ್ಡಿಗೆ ಹೋದಾಂವ, ಹಗಲೆಲ್ಲಾ ಖಟ್ ಖಟ್ ಖಟ್ ಕೇಳಕೋತ ಮುದುಕ ಆಗೀನಿ. ಯುಗಾದಿ ಆದ ಮ್ಯಾಲ ಮಾಲಕರು ಮಗ್ಗ ಬಿಚ್ಚಿ ಮಾರಿ, ಶೆಡ್ಡಿನ್ಯಾಗ ಸಿಮೆಂಟ್ ಚೀಲ ತುಂಬಿದ್ರು. ಆವಾಗಿಂದ ಮಂದಿ ಒಂದ ಸಮ ಅಂತಾರ, ಧರೆಪ್ಪನ ಕಿವಿ ಮಂದ ಆಗ್ಯಾವ ಅಂತ. ನನ್ನ ಕಿವಿ ಛಲೋ ಅದಾವ. ಮಂದಿ ಬಾಯಿ ತಿರುವಿ ಮಾತಾಡ್ತಾರ, ಅದ ತ್ರಾಸ.

ಪದ್ಮವ್ವ ಅನಗವಾಡಿಯಿಂದ ಇನ್ನ ಬಂದಿಲ್ಲ. ಅಲ್ಲಿ ಅವರವ್ವ, ಅಂದ್ರ ನಮ್ಮತ್ತಿ ಯಲ್ಲವ್ವ, ಹೋದ ತಿಂಗಳ ತೀರಿಕೊಂಡ್ಲು. ಮೂರ ದಿನದ ಕಾರ್ಯ ಮುಗದು ಅಂಗಳದಾಗ ಹೆಣಮಕ್ಕಳೆಲ್ಲಾ ಕುಂತಿದ್ರು. ಪದ್ಮವ್ವ ಸೆರಗ ಮಾರಿ ಮ್ಯಾಲ ಎಳಕೊಂಡ ಅಳಾಕತ್ತಿದ್ಲು. ಶೆಡ್ಡಿನ್ಯಾಗ ನಾವಿಬ್ಬರೂ ತುಟೀಲೆ ಮಾತಾಡಿದಾವ್ರು. ಮಗ್ಗದ ಗದ್ದಲದಾಗ ದನಿ ಎಲ್ಲಿ ಕೇಳ್ತೈತಿ? ತುಟಿ ಅಲುಗಿದ್ರ ಸಾಕು, ತಿಳೀತಿತ್ತು. ಆದ್ರ ಮಾರಿ ಮುಚ್ಚಿಕೊಂಡ ಹೆಂಗಸಿಗೆ ತುಟೀಲೆ ಹೆಂಗ ಹೇಳೋದು? ಹಿಂದ ಹೋಗಿ, ಬಗ್ಗಿ, ಮೆತ್ತಗ ಅಂದ್ನಿ, "ಸಾಕಿನ್ನ ಅತ್ತಿದ್ದು, ಕಡೀ ಬಸ್ ತಪ್ಪತೈತಿ."

ಅಷ್ಟ. ಕಿವ್ಯಾಗ ಹೇಳಿದಂಗ ಹೇಳೀನಿ. ಅದಕ ಕುಂತಾವ್ರೆಲ್ಲಾ ತಿರುಗಿ ನನ್ನ ನೋಡಿದ್ರು. ಆಕಿ ಅಣ್ಣ ಬಸಗೊಂಡಪ್ಪ ಎದ್ದ ಹೊರಗ ಹೋದ. ಪದ್ಮವ್ವ ಸೆರಗ ತಗದು ಎರಡ ಅಕ್ಷರ ಅಂದ್ಲು: "ಹೋಗ್ರಿ." ನಾ ಬಂದ್ನಿ. ಬಸ್ ಸಿಕ್ಕತು.

ಗಂಡ ಹೆಂಡ್ತಿ ಕಿವ್ಯಾಗ ಒಂದ ಮಾತ ಅಂದ್ರ ಇಷ್ಟ ಸಿಟ್ಟ ಬೇಕಾ? ಬರ್ತಾಳ ಬಿಡು. ಎಲ್ಲಿಗ್ಹೋಕ್ಕಾಳ.

೧೨ ಜೂನ್, ಬುಧವಾರ

ಇವತ್ತ ಲೈಬ್ರರಿಗೆ ಹೋಗಿದ್ನಿ. ಓದಾಕಲ್ಲ. ಅಲ್ಲಿ ಒಂದ ಹಳೇ ಫ್ಯಾನ್ ಐತಿ, ಅದರ ಸಪ್ಪಳ ಮಗ್ಗದಂಗ ಬರ್ತೈತಿ ಅಂತ ಹೋದ್ನಿ. ಅದರ ತಳಗ ಕುಂತ ಕಣ್ಣ ಮುಚ್ಚಿದ್ರ ಶೆಡ್ಡಿನ್ಯಾಗ ಇದ್ದಂಗ ಆತು. ನಿದ್ದಿನೂ ಬಂತು.

ಲೈಬ್ರರಿ ನೋಡಕೊಳ್ಳಾವ್ರು ಪ್ರತಿಮಾ ಅಂತ, ಜಮಖಂಡಿಯಿಂದ ದಿನಾ ಬಸ್ಸಿಗೆ ಬರ್ತಾರ. ನಮ್ಮ ವೈಶಾಲಿ ವಾರಿಗಿ, ಅಷ್ಟ ವಯಸ್ಸು. ಎಬ್ಬಿಸಿ, "ಕಾಕಾ, ನಿದ್ದಿ ಮಾಡೂದಿದ್ರ ಮನ್ಯಾಗ ಮಾಡ್ರಿ. ಇಲ್ಲಿ ಬಂದೀರಿ ಅಂದ್ಮ್ಯಾಲ ಒಂದ ಕಥಿ ಕೇಳ್ರಿ" ಅಂದ್ರು. ಕಂಪ್ಯೂಟರ್ ಮುಂದ ಕುಂದರಿಸಿ, ಕಿವಿಗೆ ಎರಡ ಬಟ್ಟಲ ಇದ್ದಂಥಾ ಹೆಡ್‌ಫೋನ್ ಹಾಕಿದ್ರು. ಪುಸ್ತಕ ಓದಿ ಹೇಳ್ತೈತಂತ ಅದು. ಹಾಡೂ ಅದಾವಂತ, ಪುರಾಣಾನೂ ಅದಾವಂತ, ಎಲ್ಲಾ ಪುಕ್ಕಟೆ.

ಯಾರೋ ಹೆಣಮಗಳ ದನಿ ಬಂತು. ಒಂದ ಶಬ್ದ ತಿಳಿವಲ್ದು. ನಾ ಪರದೆ ಮ್ಯಾಲ ಆಕಿ ಬಾಯಿ ಎಲ್ಲೈತಿ ಅಂತ ಹುಡಕಾಕತ್ತಿದ್ನಿ. ಬಾಯಿ ಇಲ್ಲ. ಬರೇ ಪುಸ್ತಕದ ಚಿತ್ರ. ಫೋನಿನ್ಯಾಗೂ ನಂಗ ಹಿಂಗ ಆಕ್ಕೈತಿ, ಅದಕ ನಮ್ಮ ಮನಿ ಫೋನೆಲ್ಲಾ ಬಾಜೂ ಮನಿ ಗುರುಬಾಯಿಗೆ ಬರ್ತಾವ, ಆಕಿ ಬಂದ ನನ್ನ ಮಾರಿ ಮುಂದ ನಿಂತ ಹೇಳ್ತಾಳ. ಬಾಯಿ ಕಾಣದ ದನಿ ಅಂದ್ರ ಗಾಳಿ ಬಂದ ಕದಾ ಬಡದಂಗ.

"ಅಕ್ಕಾರ, ಇದು ಕೆಟ್ಟೈತಿ" ಅಂದ್ನಿ. ಪೇಪರ್ ಓದಾವ್ರೆಲ್ಲಾ ತಲಿ ಎತ್ತಿದ್ರು. ಅಕ್ಕಾರು ತುಟಿ ಮ್ಯಾಲ ಬೊಟ್ಟ ಇಟ್ಟು, ದನಿ ಏರಿಸಿ, "ಕಣ್ಣ ಮುಚ್ಚಿಕೊಂಡ ಕೇಳ್ರಿ" ಅಂತ ಕಣ್ಣ ಮುಚ್ಚಿ ತೋರಿಸಿದ್ರು. ಮುಚ್ಚಿದ್ನಿ. ಭಾಳ ಹೊತ್ತಿನ ಮ್ಯಾಲ "ಎಮ್ಮಿ" ಅಂದದ್ದ ಕೇಳ್ಸಿತು. ಅದೊಂದ.

೧೫ ಜೂನ್, ಶನಿವಾರ

ಎಮ್ಮಿ ಕಥಿ ಛಲೋ ಐತಿ. ಒಬ್ಬಾಕಿ ಬಡವಿ ಎಮ್ಮಿ ಕಳಕೊಂಡ ಹುಡಕಾಕ ಹೊಂಟಾಳ. ಊರಿಂದ ಊರಿಗೆ ಕೇಳಕೋತ ಹೋಗ್ತಾಳ. ಓದೂಕಿ ದನಿ ಭಾಳ ಮೆತ್ತಗ ಐತಿ, ಆದ್ರೂ ತಿಳೀಕತ್ತೈತಿ. ನಾ ಅದನ್ನ ಮೂರ ದಿನದಿಂದ ಕೇಳಾಕತ್ತೀನಿ, ತಿಳೀದಿದ್ರ ಅಕ್ಕಾರು ಹಿಂದಕ್ಕ ಹಾಕಿ ಕೊಡ್ತಾರ.

ಇವತ್ತ ಆ ಹೆಣಮಗಳು ಕಾಲವಿ ದಂಡಿ ಬಿಟ್ಟು ಗುಡ್ಡದ ಕಡೆ ಹೊಂಟ್ಲು. ಎಮ್ಮಿ ನೀರ ಬಿಟ್ಟ ಗುಡ್ಡಕ್ಕ ಯಾಕ ಹೋಗತೈತಿ, ಬುದ್ಧಿ ಐತೇನ ಆಕಿಗೆ? "ಆ ಕಡೆ ಅಲ್ಲಬೇ, ಹೊಳಿ ಕಡೆ ಹೋಗ!" ಅಂದುಬಿಟ್ನಿ. ಲೈಬ್ರರಿ ತುಂಬ ನಕ್ಕದ್ದೇ ನಕ್ಕದ್ದು. ನಿವೃತ್ತ ಮಾಸ್ತರ ಒಬ್ಬರು ಪೇಪರ್ ಮಡಚಿ, "ಧರೆಪ್ಪ, ಎಮ್ಮಿ ಸಿಕ್ಕರ ನಮಗೂ ಹೇಳಪಾ" ಅಂದ್ರು.

ಪದ್ಮವ್ವ ಇದ್ದಿದ್ರ ಆಕಿಗೆ ಈ ಕಥಿ ಹೇಳ್ತಿದ್ನಿ. ಆಕಿ ಹುಟ್ಟಿದ್ದ ಎಮ್ಮಿ ಕುರಿ ನಡುವ. ಗುಡ್ಡಕ್ಕ ಹೋಗೂದು ಖರೆನೋ ಸುಳ್ಳೋ ಆಕೀನ ಹೇಳ್ಬೇಕು.

೧೭ ಜೂನ್, ಸೋಮವಾರ

ಲೈಬ್ರರಿ ಸೂಟಿ. ಹೋಗಿ ಕೀಲಿ ನೋಡಿ ಬಂದ್ನಿ.

ಅಂಗಿ ಕಿಸೆದಾಗ ಒಂದ ಖಾಲಿ ಕಂಡಿಕಿ ಸಿಕ್ಕತು. ಪದ್ಮವ್ವ ಮೂರ ಮಗ್ಗದ ಆಚೆ ಕುಂತು ಇಂಥಾ ಕಂಡಿಕಿಗೆ ನೂಲ ಸುತ್ತತಿದ್ಲು. ನಾ ಅದನ್ನ ಲಾಳ್ಯಾಗ ಹಾಕಿ ಸೀರಿ ನೇಯತಿದ್ನಿ. ಆಕಿ ನನ್ನ ಕಡೆ ನೋಡ್ಬೇಕಂದ್ರ ಹೆಸರ ಹಿಡದ ಕರೀಲಿಲ್ಲ ಎಂದೂ, ಕರದ್ರ ಕೇಳಬೇಕಲ್ಲ. ಖಾಲಿ ಕಂಡಿಕಿ ಒಗೀತಿದ್ನಿ. ಬೆನ್ನಿಗೆ ಬಡದ್ರ ತಿರಗತಿದ್ಲು. ಸಿಟ್ಟ ಮಾಡಿದಂಗ ಮಾಡಿ ನಗತಿದ್ಲು.

ಅನಗವಾಡಿ ತನಕ ಕಂಡಿಕಿ ಮುಟ್ಟಂಗಿಲ್ಲ. ಜೀವ ಹೆಂಗೋ ಆಗೇತಿ.

೨೦ ಜೂನ್, ಗುರುವಾರ

ಗುರುಬಾಯಿ ಬಂದು ಬಾಗಿಲದಾಗ ನಿಂತ್ಲು. ಒಳಗ ಬಾ ಅಂದ್ರ ಬರಲಿಲ್ಲ. ಆಕಿ ಮಾರಿ ನೋಡಿದ ಕೂಡ್ಲೇ ಎದ್ದ ನಿಂತ್ನಿ.

"ಧರೆಪ್ಪಣ್ಣಾ, ನಿನ್ನ ಭಾವ ಫೋನ್ ಮಾಡಿದ್ದ. ಪದ್ಮಕ್ಕ ಇನ್ನ ಅಲ್ಲೇ ಇರ್ತಾಳಂತ. ಅಲ್ಲಿ ಸಾಲ್ಯಾಗ ಬಿಸಿಊಟದ ಅಡಗಿಗೆ ಹಚ್ಚ್ಯಾರಂತ, ಒಂದನೇ ತಾರೀಖಿಂದ ಕೆಲಸ. ರೇಶನ್ ಕಾರ್ಡಿನ್ಯಾಗ ಹೆಸರೂ ಅಲ್ಲೇ ಹಾಕಿಸ್ತಾರಂತ."

"ಆಕಿ ಏನಂದ್ಲು? ತಾ ಏನಂದ್ಲು?"

"ಏನೂ ಅನ್ನಲಿಲ್ಲಂತ. ನೀ ಇಷ್ಟ ಜೋರ ಯಾಕ ಒದರ್ತೀ, ನಾ ಇಲ್ಲೇ ಅದೀನಲ್ಲ."

ನಾ ಎಲ್ಲಿ ಒದರಿದ್ನಿ? ಮೆತ್ತಗ ಕೇಳೀನಿ.

ಇಷ್ಟ ವರ್ಷದ ಸಂಸಾರ ಒಂದ ಮಾತಿಗೆ ಹರೀತಾ? ಇನ್ನ ಹತ್ತ ದಿನದಾಗ ಆಕಿ ಹೆಸರು ಈ ಮನೀದಲ್ಲಾಂತ. ರೊಟ್ಟಿ ಮಾಡಿಕೊಳ್ಳಾಕ ಹೋದ್ನಿ, ಹಿಟ್ಟಿನ ಡಬ್ಬಿ ಮುಚ್ಚಳ ತಗಿಯಾಕ ಬರವಲ್ದು, ಅದರ ಮ್ಯಾಲ ಸಿಟ್ಟ ಮಾಡಿ ಒಗದ್ನಿ. ಆಮ್ಯಾಲ ಹಿಟ್ಟೆಲ್ಲಾ ನಾನ ಬಳದ್ನಿ.

೨೨ ಜೂನ್, ಶನಿವಾರ

ಇವತ್ತಿಂದು ಬರೀಬಾರ್ದು ಅನಸ್ತೈತಿ. ಬರೀತೀನಿ.

ಕಥಿ ಕೇಳಾಕ ಮನಸಿರಲಿಲ್ಲ, ಅಕ್ಕಾರ ಮುಂದ ಎಲ್ಲಾ ಹೇಳಿದ್ನಿ. ಅಂಗಳದಾಗ ಮೆತ್ತಗ ಒಂದ ಮಾತ ಅಂದದ್ದು, ಎಲ್ಲಾರೂ ತಿರುಗಿ ನೋಡಿದ್ದು. "ಮೆತ್ತಗ ಅಂದೀನ್ರಿ ಅಕ್ಕಾರ, ಈಗ ಮಾತಾಡಾಕತ್ತೀನಲ್ಲ, ಹಿಂಗ."

ಅಕ್ಕಾರು ತಮ್ಮ ಮೊಬೈಲ್ ತಗದು ಮೇಜಿನ ಮ್ಯಾಲ ಇಟ್ರು. "ಕಾಕಾ, ಸಿಟ್ಟ ಮಾಡಬ್ಯಾಡ್ರಿ. ಅವತ್ತ ಹೆಂಗ ಅಂದ್ರಿ, ಹಂಗ ಇಲ್ಲಿ ಅನ್ರಿ. ನಾನೂ ಒಂದ ಮಾತ ಆಡ್ತೀನಿ." ನಾ ಬಗ್ಗಿ ಅಂದ್ನಿ. ಅವ್ರೂ ಏನೋ ಅಂದ್ರು. ಅದನ್ನ ನನ್ನ ಹೆಡ್‌ಫೋನಿಗೆ ಹಾಕಿದ್ರು.

ಮೊದಲ ಒಬ್ಬಾಂವ ಒದರಿದ. ಸಂತ್ಯಾಗ ಕುರಿ ಹರಾಜ ಮಾಡಾವನಂಗ. ಕಿವಿಯಿಂದ ಬಟ್ಟಲ ಕಿತ್ತ ಹಿಡದ್ನಿ. ಆಮ್ಯಾಲ ಅಕ್ಕಾರ ದನಿ ಬಂತು, ನೀರ ಹರದಂಗ, ಆರಾಮ: "ಇದು ಮೆತ್ತಗ ಕಾಕಾ."

ಮೊದಲ ಒದರಿದಾಂವ ಯಾರು ಅಂತ ಕೇಳ್ಬೇಕಂತ ಬಾಯಿ ತಗದ್ನಿ. ತಗದು ಮುಚ್ಚಿದ್ನಿ.

ಹಂಗಾರ ಆ ಅಂಗಳದಾಗ ಹಂಗ ಕೇಳಿತ್ತು. ಹೆಣಾ ಹೋದ ಮನ್ಯಾಗ, ತಾಯಿ ಸಲುವಾಗಿ ಅಳೂ ಮಗಳಿಗೆ, ಓಣಿಗೆಲ್ಲಾ ಕೇಳೂ ಹಂಗ, ಸಾಕಿನ್ನ ಅತ್ತಿದ್ದು ಅಂತ. ಯಪ್ಪಾ ಬೀರಪ್ಪಾ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ನಾಚಿಕಿ ಆಗಿ ಮನಿಗೆ ಬರೂಮುಂದ ಸಂದಿ ಹಿಡದ ಬಂದೀನಿ.

೨೩ ಜೂನ್, ರವಿವಾರ

ಅನಗವಾಡಿಗೆ ಹೋಗಿ ಬಂದ್ನಿ. ಬಸ್ಸಿನ್ಯಾಗ ಕುಂತು ತಪ್ಪಾತು ತಪ್ಪಾತು ಅಂತ ತುಟಿ ಒಳಗ ಹೇಳಿಕೊಂತ ಹೋಗಿದ್ನಿ.

ಅದ ಅಂಗಳ. ಅದ ಮಂದಿ. ಬಸಗೊಂಡಪ್ಪ ಹೊರಸ ಹಾಕಿ ಕೊಟ್ಟು ಆ ಕಡೆ ತಿರುಗಿ ಕುಂತ. ಪದ್ಮವ್ವ ಚಾ ತಂದ ಇಟ್ಲು. ಸೊರಗ್ಯಾಳ. ನನ್ನ ಮುಂದ ಒಂದ ಗಳಿಗಿ ನಿಂತ್ಲು, ಏನರ ಅಂತಾನೋ ಅಂತ.

ನಂಗ ಬಾಯಿ ತಗಿಯಾಕ ಅಂಜಿಕಿ ಆತು. ತಗದ್ರ ಆ ಕುರಿ ಹರಾಜಿನಾಂವ ಒದರ್ತಾನ. ತುಟೀಲೆ ಹೇಳೂಣಂದ್ರ ಆಕಿ ನನ್ನ ಮಾರಿ ನೋಡವಲ್ಲಳು, ನೆಲಾ ನೋಡಾಕತ್ತಾಳ. ಚಾ ಕುಡದ್ನಿ. ಬಟ್ಟಲ ಇಟ್ನಿ. ಎದ್ದ ಬಂದ್ನಿ.

ಬೆನ್ನ ಹಿಂದ ಬಸಗೊಂಡಪ್ಪ ಏನೋ ಅಂದ. ಏನಂದ ಅಂತ ತಿಳೀಲಿಲ್ಲ. ಸೊಕ್ಕ ನೋಡ ಇವಂದು ಅಂತ ಅಂದಿರಬೇಕು. ಹೌದಲ್ಲ ಮತ್ತ, ಅವರಿಗೆ ಹಂಗ ಕಾಣ್ತೈತಿ.

೨೭ ಜೂನ್, ಗುರುವಾರ

ನಾಕ ದಿನ ಮನ್ಯಾಗ ಬಿದ್ದಿದ್ನಿ. ಇವತ್ತ ಗುರುಬಾಯಿ ಬೈದ ಲೈಬ್ರರಿಗೆ ಅಟ್ಟಿದ್ಲು.

ಅಕ್ಕಾರು ನನ್ನ ಮಾರಿ ನೋಡಿ ಎಮ್ಮಿ ಕಥಿ ಹಚ್ಚಲಿಲ್ಲ. "ಇವತ್ತ ಹಾಡ ಕೇಳ್ರಿ ಕಾಕಾ, ನಮ್ಮ ಕಡೆ ಹೆಣಮಕ್ಕಳ ಹಾಡಿದ್ದು" ಅಂತ ಹಚ್ಚಿ, ತಮ್ಮ ಕೆಲಸಕ್ಕ ಹೋದ್ರು. ಮೊದಲ ಡೊಳ್ಳಿನ ಪದ ಬಂದ್ವು. ಬೀರಪ್ಪನ ಗುಡಿ ನೆನಪಾತು. ಆಮ್ಯಾಲ ಬೀಸೂ ಪದ. ಒಬ್ಬಾಕಿ ಮುದುಕಿ, ಬರೇ ದನಿ, ಹಿಂದ ಬೀಸೂಕಲ್ಲ ಗರಗರ.

ಮಗಳು ತವರಿಗೆ ಹೊಂಟಾಳ. ಹೊಳಿ ತುಂಬೈತಿ. ದಾಟಿಸಪಾ ಅಂತ ಅಂಬಿಗಗ ಬೇಡಕೊಳ್ತಾಳ, ಆಚೆ ದಂಡಿಗೆ ಅವ್ವ ನಿಂತ ದಾರಿ ನೋಡಾಕತ್ತಾಳ. ಪ್ರತಿ ಸಾಲಿನ ಕಡೀಗೆ ಅವ್ವನ್ನ ಕರೀತಾಳ, ಬಾಯಿ ಅಗಲ ಆಗಿ, ಎಳದು, ಆಮ್ಯಾಲ ತುಟಿ ಕೂಡ್ತಾವ.

ತುಟಿ ಕೂಡ್ತಾವ ಅಂತ ನಂಗ ಹೆಂಗ ಗೊತ್ತಾತು? ಎದುರಿಗಿನ ಪರದೆ ಕರ್ರಗಾಗಿತ್ತು, ಅದರಾಗ ನನ್ನ ಮಾರಿ ಕಾಣಾಕತ್ತಿತ್ತು. ನಂಗ ತಿಳೀದಂಗ ನನ್ನ ಬಾಯಿ ಹಾಡಿನ ಸಂಗಾಟ ಅಲಗಾಕತ್ತಿತ್ತು. ಆ ಬಾಯಿ ನಾ ಕಂಡೀನಿ. ಮೂರ ಮಗ್ಗದ ಆಚೆಯಿಂದ, ವರ್ಷಾನಗಟ್ಟಲೆ, ದಿನಾ ಕಂಡೀನಿ. ಪದ್ಮವ್ವ ಕಂಡಿಕಿ ಸುತ್ತಕೋತ ಬಾಯಿ ಆಡಿಸ್ತಿದ್ಲು. ಅರ್ಧ ಮಾರಿ ಅಷ್ಟ ಕಾಣ್ತಿತ್ತು. ಏನೋ ಗುನಗ್ತಾಳ ಬಿಡು ಅಂತ ಬಿಟ್ಟಿದ್ನಿ. ಕಡೀಗೆ ಬಾಯಿ ಅಗಲ, ಎಳದು, ತುಟಿ ಕೂಡಿಸೂದು. ದಿನಾ ಇದ.

ಇದ ಪದ ಹಾಡ್ತಿದ್ಲು. ಆಕಿ ಅವ್ವ ಬದಕಿದ್ದಾಗನ ಅವ್ವನ್ನ ಕರಕೋತ ನನ್ನ ಸೀರಿಗೆ ನೂಲ ಸುತ್ತ್ಯಾಳ. ಏನ ಹಾಡ್ತಿ ಅಂತ ನಾ ಒಮ್ಮಿನೂ ಕೇಳಲಿಲ್ಲ. ಹಬ್ಬಕ್ಕೊಮ್ಮೆ ಅನಗವಾಡಿಗೆ ಕಳಸಿ, ಮೂರನೇ ದಿನಕ್ಕ ಬಾ ಅಂತಿದ್ನಿ, ಕಂಡಿಕಿ ಸುತ್ತಾವ್ರ ಯಾರ ಅಂತ.

ಆ ಪದ ಮತ್ತ ಮತ್ತ ಹಾಕಿಸಿಕೊಂಡ ಕೇಳಿದ್ನಿ. ಕಣ್ಣಾಗ ನೀರ ಬಂದ್ವು, ಬರ್ಲಿ ಅಂತ ಬಿಟ್ನಿ. ಮಾಸ್ತರು ನೋಡಿ, ಪೇಪರ್ ಮಾರಿಗೆ ಅಡ್ಡ ಹಿಡದ್ರು. ನಂಗ ಪದ್ಮವ್ವ ಬೇಕು. ಆಕಿ ಬಾಯೀಲೆ ಈ ಪದ ಕೇಳಬೇಕು. ಬ್ಯಾರೆ ಏನೂ ಬ್ಯಾಡ.

೨೯ ಜೂನ್, ಶನಿವಾರ

ಬೆಳಿಗ್ಗಿನ ಗುರುಬಾಯಿ ಕಡೆ ಬಸಗೊಂಡಪ್ಪನ ನಂಬರ್ ಬರಸಿಕೊಂಡ ಲೈಬ್ರರಿಗೆ ಹೋದ್ನಿ. "ಅಕ್ಕಾರ, ಈ ಹೆಡ್‌ಫೋನ್ ನಿಮ್ಮ ಮೊಬೈಲಿಗೆ ಹತ್ತತೈತೇನು? ಬಾಯಿ ಕಾಣದ ದನಿ ಈಗ ನಂಗ ತಿಳೀತೈತಿ." ಅಕ್ಕಾರು ತಮ್ಮ ಡಬ್ಬಿ ಊಟ ಅರ್ಧಕ್ಕ ಬಿಟ್ಟು ಎದ್ದ ಬಂದ್ರು.

ಭಾವ ಎತ್ತಿದ. "ಯಾರ?"

ಅಕ್ಕಾರು ಅವತ್ತ ಅಂದ ತೋರಿಸಿದಂಗ, ನೀರ ಹರದಂಗ ಅಂದ್ನಿ, "ನಾ ಧರೆಪ್ಪರಿ."

"ಸುಳ್ಳ ಹೇಳಬ್ಯಾಡೋ ತಮ್ಮಾ. ಧರೆಪ್ಪನ ದನಿ ನಮ್ಮ ಊರಿಗೆಲ್ಲಾ ಗೊತ್ತೈತಿ" ಅಂದು ಇಟ್ಟಬಿಟ್ಟ!

ಅಕ್ಕಾರು ಮತ್ತ ಹಚ್ಚಿದ್ರು. ಈ ಸಲ ಬ್ಯಾರೆ ದನಿ. ದಪ್ಪ ದನಿ, ನಡುವ ಒಂಚೂರ ಒಡಕ. "ಯಾರ್ರೀ ಅದು, ಸುಮ್ಮಸುಮ್ಮನ ಫೋನ್ ಮಾಡೂದು?"

ಪದ್ಮವ್ವನ ದನಿ ತೆಳ್ಳಗ ಅಂತ ತಿಳಕೊಂಡಿದ್ನಿ ನಾ. ಮನ್ಯಾಗೂ ಆಕಿ ಮಾರಿ ನೋಡೇ ಮಾತ ತಿಳಕೋತಿದ್ನಿ, ದನಿ ಕಡೆ ಲಕ್ಷ್ಯ ಕೊಟ್ಟಾಂವಲ್ಲ. ಒಂದ ಗಳಿಗಿ ಆ ಒಡಕ ದನಿ ಕೇಳಕೋತ ನಿಂತಬಿಟ್ನಿ.

"ಪದ್ಮವ್ವಾ, ನಾನ. ಇಡಬ್ಯಾಡ."

"ನೀವೇನ್ರಿ? ಇಷ್ಟ ಮೆತ್ತಗ? ಆರಾಮಿಲ್ಲೇನು? ಗುರುಬಾಯಿ ಎಲ್ಲದಾಳ?"

"ಆರಾಮ ಅದೀನಿ. ನಿನ್ನ ಮಾತ ನಂಗ ಕೇಳ್ತೈತಿ. ಅವತ್ತ ಅಂಗಳದಾಗ ಅಂದದ್ದು ತಪ್ಪಾತು. ಎಷ್ಟ ಜೋರ ಅಂದ್ನಿ ಅಂತ ನಂಗ ಮೊನ್ನಿ ತಿಳೀತು."

ಆಚೆ ಕಡೆ ಅವರ ಅಂಗಳದಾಗ ಕಾಗಿ ಒದರಿದ್ದ ಸೈತ ಕೇಳ್ಸಿತು.

"ಮೊನ್ನಿ ಬಂದಾಗ ಬಾಯಾಗ ಏನಿತ್ರಿ?"

"ಅಂಜಿಕಿ ಇತ್ತು."

ಆಮ್ಯಾಲ ಅಂದ್ಲು, "ಅವತ್ತ ಊರಿಗೆಲ್ಲಾ ಕೇಳೂ ಹಂಗ ಅಂದ್ರಿ. ಇವತ್ತ ತಪ್ಪಾತು ಅನ್ನೂದು ನನ್ನೊಬ್ಬಾಕಿ ಕಿವಿಗೆ ಸಾಕೇನು? ನಮ್ಮವ್ವ ಹೋದ ಅಂಗಳರಿ ಇದು. ಇಲ್ಲಿ ಅಣ್ಣ ಅದಾನ, ಬಾಜೂ ಮನಿ ಸಾವಕ್ಕ ಅದಾಳ, ಓಣಿ ಮಂದಿ ಅದಾರ. ಸ್ಪೀಕರ್ ಹಚ್ಚಿ ಕಟ್ಟಿ ಮ್ಯಾಲ ಇಡ್ತೀನಿ. ನಿಮ್ಮ ದನೀಲೆ ಅನ್ರಿ."

ಎದುರಿಗೆ ಗ್ವಾಡಿ ಮ್ಯಾಲ ದೊಡ್ಡ ಅಕ್ಷರದಾಗ ಬರದೈತಿ, ಶಾಂತತೆ ಕಾಪಾಡಿ. ನಾ ಅಕ್ಕಾರ ಮಾರಿ ನೋಡಿದ್ನಿ. ಹೆಡ್‌ಫೋನಿನ ದನಿ ಅಷ್ಟ ಏರಿಸಿ ಇಟ್ಟಿದ್ರು, ಬಾಜೂಕ ನಿಂತ ಅವ್ರಿಗೂ ಎಲ್ಲಾ ಕೇಳ್ಸಿತ್ತು. ಕಣ್ಣ ತುಂಬಿತ್ತು. ತುಟಿ ಅಲಗಿಸಿ, ಶೆಡ್ಡಿನ್ಯಾಗಿನವರಂಗ, ದನಿ ಇಲ್ಲದ ಅಂದ್ರು: "ಅನ್ರಿ ಕಾಕಾ."

ಎದ್ದ ನಿಂತ ಒದರಿದ್ನಿ. ನಲವತ್ತ ಮಗ್ಗ ಓಡಾಕತ್ತಾವ ಅಂತ ತಿಳಕೊಂಡ ಒದರಿದ್ನಿ. "ಪದ್ಮವ್ವಾ! ತಪ್ಪಾತು! ಅತ್ತಿ ಸಲುವಾಗಿ ನಿನಗ ಅಳಾಕ ಬಿಡಲಿಲ್ಲ, ನಂದ ತಪ್ಪು! ಭಾವಾರ, ತಪ್ಪಾತರಿ! ನೀ ಎಷ್ಟ ಅಳ್ತಿ ಅಳು, ಆದ್ರ ಮನಿಗೆ ಬಂದ ಅಳು! ನೀ ಇಲ್ಲದ ನನ್ನ ಕೈಲೆ ಆಗೂದಿಲ್ಲ!"

ಮಾಸ್ತರ ಕೈಯಾಗಿನ ಪೇಪರ್ ಕೆಳಗ ಬಿತ್ತು. ಹಾದ್ಯಾಗ ಹೋಗೂ ಮಂದಿ ಕಿಡಿಕ್ಯಾಗ ಹಣಿಕಿ ಹಾಕಿದ್ರು. ಹೆಡ್‌ಫೋನಿನ್ಯಾಗ ಮೊದಲ ಯಾರೋ ನಕ್ಕರು, ಸಾವಕ್ಕ ಇರಬೇಕು. ಆಮ್ಯಾಲ ಯಾರೋ ಮೂಗ ಏರಿಸಿದ್ದ ಕೇಳ್ಸಿತು.

ಒಡಕ ದನಿ ಮೆತ್ತಗ ಅಂತು, "ಕೇಳ್ಸಿತ್ರಿ."

ಅಷ್ಟ ಅಂದು ಇಟ್ಲು. ಬರ್ತೀನಿ ಅನ್ನಲಿಲ್ಲ. ಬರಂಗಿಲ್ಲ ಅಂತನೂ ಅನ್ನಲಿಲ್ಲ.

೧ ಜುಲೈ, ಸೋಮವಾರ

ಲೈಬ್ರರಿ ಸೂಟಿ. ಒಂದನೇ ತಾರೀಖ. ಸ್ಟ್ಯಾಂಡಿಗೆ ಹೋಗಿ ಅನಗವಾಡಿ ಹಾದ ಬರೂ ಬೀಳಗಿ ಕಡೆ ಬಸ್ಸೆಲ್ಲಾ ನೋಡಿದ್ನಿ. ಬರಲಿಲ್ಲ.

೩ ಜುಲೈ, ಬುಧವಾರ

ನಿನ್ನಿ ಹೊತ್ತ ಮುಳಗೂಕ ಬಂದ್ಲು. ಬಸಗೊಂಡಪ್ಪ ತಾನ ಕರಕೊಂಡ ಬಂದ ಬಿಟ್ಟ ಹೋದ. ಚಾ ಕುಡೀಮುಂದ, "ಧರೆಪ್ಪಾ, ಹಿಂಗ ಮೆತ್ತಗ ಮಾತಾಡಬ್ಯಾಡೋ, ಅಂಜಿಕಿ ಬರ್ತೈತಿ" ಅಂದ. ಬಿಸಿಊಟದ ಕೆಲಸ ಸಾವಕ್ಕಗ ಕೊಡಿಸ್ಯಾಳಂತ ಪದ್ಮವ್ವ. ಬರೂ ರವಿವಾರ ವೈಶಾಲಿ ಮುಧೋಳದಿಂದ ಬಂದು, ಮರದಿನ ನನ್ನ ಜಮಖಂಡಿಗೆ ಕಿವಿ ತೋರಿಸಾಕ ಕರಕೊಂಡ ಹೋಗ್ತಾಳಂತ. ನನ್ನ ಕಿವಿಗೇನಾಗಿಲ್ಲ. ಅವ್ವಾ ಮಗಳ ಸಮಾಧಾನಕ್ಕ ಹೋಗಿ ಬರ್ತೀನಿ.

ಎಮ್ಮಿ ಎಲ್ಲಿ ಸಿಕ್ಕತು ಅಂತ ಇನ್ನ ಕೇಳಿಲ್ಲ. ನಾಳಿ ಪದ್ಮವ್ವನ್ನೂ ಕರಕೊಂಡ ಹೋಗ್ತೀನಿ, ಇಬ್ಬರೂ ಒಂದೊಂದ ಬಟ್ಟಲ ಕಿವಿಗೆ ಹಿಡದ ಕುಂದರ್ತೀವಿ.

ಈಗ ಕಟ್ಟಿ ಮ್ಯಾಲ ಕುಂತ ಬರ್ಯಾಕತ್ತೀನಿ. ಪದ್ಮವ್ವ ಒಳಗ ನನ್ನ ಕಡೆ ಬೆನ್ನ ಮಾಡಿ ರೊಟ್ಟಿ ಬಡ್ಯಾಕತ್ತಾಳ. ಪದ ಎತ್ತ್ಯಾಳ. ಹೊಳಿ ತುಂಬೈತಿ. ರೊಟ್ಟಿ ಸಪ್ಪಳದ ನಡುವ ದಪ್ಪ ದನಿ, ಒಡಕ ದನಿ. ಕಿಸೆದಾಗ ಕಂಡಿಕಿ ಐತಿ, ಒಗೀಲಿಲ್ಲ.

ನಡುವನ ಬಿಟ್ಲು.

"ಯಾಕ ಬಿಟ್ಟಿ? ಅಂಬಿಗ ಏನಂದ?" ಇಲ್ಲಿಂದನ ಕೇಳಿದ್ನಿ.

ಹಿಟ್ಟಿನ ಕೈಲೆ ಹೊಸ್ತಿಲಕ್ಕ ಬಂದ್ಲು. "ನಿಮಗ ಇಲ್ಲಿಗೆ ಕೇಳ್ತೈತೇನ್ರಿ?"

"ಕೇಳ್ತೈತಿ."

ನನ್ನ ಮಾರಿ ಭಾಳ ಹೊತ್ತ ನೋಡಿದ್ಲು. ಒಳಗ ಹೋದ್ಲು. ಪದ ಮತ್ತ ಮೊದಲಿಂದ ಎತ್ತ್ಯಾಳ. ಈಗ ಅವ್ವನ್ನ ಕರಿಯೂ ಸಾಲಿಗೆ ದನಿ ಒಡದೈತಿ, ಅಳಾಕತ್ತಾಳ.

ಅಳ್ಲಿ. ನಮಗ ಯಾವ ಬಸ್ಸೂ ಹಿಡ್ಯೂದಿಲ್ಲ.